ಸಹಾಯ ಬೇಕು: ಪಾರ್ಕ್ ಯಾವಾಗ ಯಾರ ಕೈಲಿತ್ತು ಅಂತ ದಾಖಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ, ಒಂದು ಹಳೇ ಸಾರ್ವಜನಿಕ ಪಾರ್ಕಿನ ನಿರ್ವಹಣೆಯ ಇತಿಹಾಸ ಬರೀತಿದೀನಿ. ಯಾರು ಕಟ್ಟಿಸಿದ್ರು, ಉದ್ಘಾಟನೆ ಯಾವಾಗ ಅನ್ನೋದು ಕಲ್ಲಿನ ಮೇಲೇ ಇರುತ್ತೆ ಬಿಡಿ, ಆದ್ರೆ ಆಮೇಲೆ ನೋಡ್ಕೊಂಡೋರು ಯಾರು, ದುಡ್ಡು ಎಲ್ಲಿಂದ ಬಂತು, ಮರ ಕಡಿಯೋಕೆ ಯಾರು ಸಹಿ ಹಾಕಿದ್ರು, ಇದು ಸಿಗೋದೇ ಕಷ್ಟ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನೇ ನೋಡಿ, 1858ರಲ್ಲಿ ಓಲ್ಮ್‌ಸ್ಟೆಡ್ ಮತ್ತೆ ವಾಕ್ಸ್ ಅವರ ಪ್ಲಾನ್ ಪಾರ್ಕಿನ ವಿನ್ಯಾಸ ಸ್ಪರ್ಧೇಲಿ ಗೆದ್ದಿದ್ದು ಎಲ್ಲಾ ಕಡೆ ಬರೆದಿದಾರೆ, ಆದ್ರೆ 1970ರ ದಶಕದಲ್ಲಿ ಸಿಟಿ ಹತ್ರ ದುಡ್ಡಿಲ್ದೆ ಪಾರ್ಕ್ ಹಾಳಾಗಿ 1980ರಲ್ಲಿ ಅದನ್ನ ನೋಡ್ಕೊಳ್ಳೋಕೆ ಕನ್ಸರ್ವೆನ್ಸಿ ಅನ್ನೋ ಖಾಸಗಿ ಲಾಭರಹಿತ ಸಂಸ್ಥೆ ಶುರುವಾಯ್ತಲ್ಲ, ಜಾಗ ಮಾತ್ರ ಈಗ್ಲೂ ಸಿಟಿದೇ, ನಂಗೆ ಬೇಕಿರೋದು ಈ ಥರದ ಕಥೆ.

ಬಜೆಟ್ ಪುಸ್ತಕ, ಕೌನ್ಸಿಲ್ ನಡಾವಳಿ, ಟೆಂಡರ್ ಫೈಲು, ಹಳೇ ಮ್ಯಾಪು ಎಲ್ಲ ಸೇರಿಸಿ ಒಂದು ಶೀಟ್ ಮಾಡ್ತಿದೀನಿ. ನಾನು ಬರೀತಿರೋ ಪಾರ್ಕಿನ ಪ್ಲಾನಲ್ಲಿರೋ ಕೊಳ ಆಮೇಲಿನ ಯಾವ ಫೋಟೋದಲ್ಲೂ ಇಲ್ಲ! ಮಂಜೂರಾಗಿದ್ದು, ನಿಜವಾಗಿ ಆಗಿದ್ದು ಇವನ್ನ ಬೇರೆ ಬೇರೆ ಕಾಲಮ್ಮಲ್ಲಿ ಹಾಕ್ತೀರಾ? ಜಾಗ ಒಬ್ಬರದ್ದು, ನಿರ್ವಹಣೆ ಇನ್ನೊಬ್ಬರದ್ದು, ಕೆಲಸ ಮಾಡೋದು ಗುತ್ತಿಗೆದಾರ ಅಂದ್ರೆ ಹೇಗೆ ತೋರಿಸೋದು? ರಿಟೈರ್ ಆದ ಮಾಲಿಗಳ್ನ ಮಾತಾಡಿಸ್ಬೇಕು, ಫೈಲಲ್ಲಿ ಇಲ್ಲದ್ದು ಅವ್ರಿಗೇ ಗೊತ್ತಿರೋದು, ಯಾರ ಹತ್ರಾದ್ರೂ ಅಂಥ ಪ್ರಶ್ನೆಪಟ್ಟಿ ಇದ್ರೆ ದಯವಿಟ್ಟು ಇಲ್ಲೇ ಹಾಕಿ.