ಓವರ್‌ಸೈಜ್ ಟೀ ಶರ್ಟ್: ಕರಾವಳಿಯ ಸೆಕೆಗೆ ಯಾವ ಬಣ್ಣ, ಎಷ್ಟು ದಪ್ಪದ ಬಟ್ಟೆ?

ಪ್ರಶ್ನೆ | ಬಿಸಿಲೂರಿನವ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಎಂಜಿನಿಯರಿಂಗ್ ಓದಲು ಮಂಗಳೂರಿಗೆ ಬಂದಿದ್ದೇನೆ. ಊರಿನಲ್ಲಿ ಕಪ್ಪು ಮತ್ತು ಕಡುನೀಲಿ ಬಣ್ಣದ, ಭುಜದ ಹೊಲಿಗೆ ತೋಳಿನ ಮೇಲೆ ಇಳಿಯುವಂಥ ದೊಗಲೆ ಟೀ ಶರ್ಟುಗಳನ್ನೇ ಹಾಕಿಕೊಳ್ಳುತ್ತಿದ್ದೆ. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದರೂ ಅವು ಅಷ್ಟಾಗಿ ಕಾಡುತ್ತಿರಲಿಲ್ಲ. ಇಲ್ಲಿ 33 ಡಿಗ್ರಿಗೇ ಅವೇ ಅಂಗಿಗಳು ಬೆನ್ನಿಗೆ ಅಂಟಿಕೊಳ್ಳುತ್ತವೆ, ಒಗೆದರೆ ಬೇಗ ಒಣಗುವುದಿಲ್ಲ. ಗೆಳೆಯರು ಕಪ್ಪು ಬಣ್ಣವೇ ಇದಕ್ಕೆ ಕಾರಣ, ತಿಳಿ ಬಣ್ಣದ್ದನ್ನು ಕೊಂಡುಕೋ ಎನ್ನುತ್ತಾರೆ. ತೊಂದರೆ ನಿಜವಾಗಿಯೂ ಬಣ್ಣದಲ್ಲಿದೆಯೋ, ಬಟ್ಟೆಯಲ್ಲಿದೆಯೋ? ಇನ್ನೊಂದು ಸಂಶಯವೂ ಇದೆ. ನನ್ನದು ಕಪ್ಪು ಮೈಬಣ್ಣ. ಸಾಸಿವೆ ಹಳದಿ, ಇಟ್ಟಿಗೆ ಕೆಂಪಿನಂಥ ಬಣ್ಣಗಳು ನನಗೆ ಒಪ್ಪುವುದಿಲ್ಲವೆಂದು ಮನೆಯಲ್ಲಿ ಹೇಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ | ನೂಲೆಳೆ

ತಮಿಳುನಾಡಿನ ತಿರುಪ್ಪೂರಿನಲ್ಲಿ, ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಣಿಗೆ ಬಟ್ಟೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಬಟ್ಟೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ಗೆಳೆಯರು ದೂರುತ್ತಿರುವ ಬಣ್ಣಕ್ಕಿಂತ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಇಲ್ಲಿ ಮುಖ್ಯವಾಗುತ್ತದೆ. ಮೈಯಳತೆಯ ಸಾಮಾನ್ಯ ಟೀ ಶರ್ಟುಗಳು ಹೆಚ್ಚಾಗಿ 160ರಿಂದ 180 ಜಿಎಸ್‌ಎಂ ಇರುತ್ತವೆ. ಓವರ್‌ಸೈಜ್ ಎಂದು ಮಾರಾಟವಾಗುವವು 220, 240, ಕೆಲವೊಮ್ಮೆ ಅದಕ್ಕೂ ಹೆಚ್ಚು. ದೊಗಲೆ ಅಂಗಿ ಜೋತುಬೀಳದೆ ಪೆಟ್ಟಿಗೆಯಂತೆ ಆಕಾರ ಹಿಡಿದು ನಿಲ್ಲಲು ಬಟ್ಟೆಗೆ ತೂಕ ಬೇಕು ಎಂಬುದು ನಿಜ. ಆದರೆ ಈ ಉಡುಪಿನ ರೂಢಿ ಬೆಳೆದದ್ದು ಚಳಿಗಾಲವೆಂದರೆ ನಿಜವಾಗಿಯೂ ಚಳಿಯಿರುವ ಅಮೆರಿಕದ ನಗರಗಳ ಹಿಪ್‌ಹಾಪ್ ಬಳಗಗಳಲ್ಲಿ. ಆ ತೂಕವನ್ನು ನಮ್ಮ ಮಾರುಕಟ್ಟೆ ಹಾಗೆಯೇ ತಂದುಕೊಂಡು, ‘ಭಾರವಾದದ್ದೇ ಉತ್ತಮ ಗುಣಮಟ್ಟದ್ದು’ ಎಂದು ಜಾಹೀರಾತು ಮಾಡುತ್ತಿದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಸಂಜೆಗೆ 240 ಹೊಂದುತ್ತದೆ. ಮಂಗಳೂರಿಗೆ ಅದನ್ನು ಶಿಫಾರಸು ಮಾಡುವವರನ್ನು ನಾನು ನಂಬುವುದಿಲ್ಲ.

ಕಲಬುರಗಿಯಲ್ಲಿ ಏಕೆ ಕಷ್ಟವಾಗಲಿಲ್ಲ ಎಂಬುದಕ್ಕೂ ವಿವರಣೆಯಿದೆ. ಮರುಭೂಮಿಯ ಬೆಡೂಯಿನ್ ಜನರು ಕಪ್ಪು ನಿಲುವಂಗಿಯನ್ನು ಏಕೆ ಧರಿಸುತ್ತಾರೆ ಎಂಬ ಬಗ್ಗೆ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಕಾಯುತ್ತದೆಯಾದರೂ, ನಿಲುವಂಗಿ ಸಡಿಲವಾಗಿರುವುದರಿಂದ ಆ ಹೆಚ್ಚುವರಿ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಒಳಗಿನ ಗಾಳಿಯ ಓಡಾಟದಲ್ಲಿ ಹೊರಹೋಗುತ್ತದೆ ಎಂಬುದು ಅದರ ತಾತ್ಪರ್ಯ. ಒಣ ಹವೆಯಲ್ಲಿ ಬೆವರೂ ಕೂಡಲೇ ಆರುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಬಟ್ಟೆಗೆ ಇಳಿಯುತ್ತದೆ. ದಪ್ಪ ಹತ್ತಿ ಅದನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯಾದ ಭಾರದ ಬಟ್ಟೆ ಬೆನ್ನಿಗೆ ಒರಗಿದ ಮೇಲೆ ನಡುವೆ ಗಾಳಿಯಾಡುವ ಜಾಗವೇ ಉಳಿಯುವುದಿಲ್ಲ. ಹಾಗಾದ ಮೇಲೆ ಅಂಗಿ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ.

ಆದ್ದರಿಂದ 180ರ ಆಸುಪಾಸಿನ, ಬಯೋವಾಶ್ ಆದ (ಕಿಣ್ವಗಳಿಂದ ತೊಳೆದು ಮೇಲ್ಮೈಯ ಜುಂಗನ್ನು ತೆಗೆದ), ನೂರಕ್ಕೆ ನೂರು ಹತ್ತಿಯ ಸಿಂಗಲ್ ಜರ್ಸಿಯನ್ನು, ಅಂದರೆ ಒಂದೇ ಪದರದ ತೆಳು ಹೆಣಿಗೆ ಬಟ್ಟೆಯನ್ನು, ನೋಡಿ. ಒಳಮೈಯಲ್ಲಿ ನೂಲಿನ ಕುಣಿಕೆಗಳಿರುವ ದಪ್ಪ ಬಟ್ಟೆಯಾದ ಫ್ರೆಂಚ್ ಟೆರಿಯ ಟೀ ಶರ್ಟು ಎಷ್ಟೇ ಚೆಂದ ಕಂಡರೂ ಅದನ್ನು ಊರಿನ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯುವ ಅಗಲ ರಿಬ್ ಪಟ್ಟಿಯೂ ಬೇಡ. ಅಂಗಿಯ ಕೆಳಗಿನಿಂದ ಒಳಬಂದ ಗಾಳಿ ಬೆಚ್ಚಗಾಗಿ ಹೊರಹೋಗುವುದು ಕುತ್ತಿಗೆಯ ಕಡೆಯಿಂದಲೇ. ಎದೆಯ ತುಂಬ ರಬ್ಬರಿನಂಥ ಮುದ್ರಣವಿದ್ದರೆ ಅಷ್ಟು ಭಾಗದಲ್ಲಿ ಬಟ್ಟೆ ಉಸಿರಾಡುವುದಿಲ್ಲ ಎಂಬುದನ್ನೂ ನೆನಪಿಡಿ.

ಉತ್ತರ | ಕಡಲತಡಿ

ಮೇಲಿನವರು ಬಣ್ಣವನ್ನು ಸ್ವಲ್ಪ ಹೆಚ್ಚೇ ಹಗುರವಾಗಿ ಕಂಡಿದ್ದಾರೆ ಎನಿಸುತ್ತದೆ. ನಾನು ಇಲ್ಲಿಯೇ ಹುಟ್ಟಿ ಬೆಳೆದವಳು. ಬಸ್ಸಿಗಾಗಿ ಬಿಸಿಲಿನಲ್ಲಿ ಗಾಳಿಯಿಲ್ಲದೆ ನಿಂತಾಗ ಕಪ್ಪಿಗೂ ತಿಳಿಹಸಿರಿಗೂ ಇರುವ ವ್ಯತ್ಯಾಸ ಭುಜಕ್ಕೆ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ಎಷ್ಟೇ ದೊಗಲೆ ಅಂಗಿಯಾದರೂ ಭುಜದ ಮೇಲೆ ಅದು ಚರ್ಮಕ್ಕೆ ತಾಗಿಯೇ ಕೂರುತ್ತದೆ. ಅಲ್ಲಿ ಮರುಭೂಮಿಯ ಲೆಕ್ಕ ನಡೆಯುವುದಿಲ್ಲ.

ಹಾಗೆಂದು ತಿಳಿ ಬಣ್ಣವೆಲ್ಲವೂ ಕ್ಷೇಮವಲ್ಲ. ನಮ್ಮೂರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಬೂದು ಮೆಲಾಂಜ್, ಅಂದರೆ ಕಡು ಮತ್ತು ತಿಳಿ ಎಳೆಗಳು ಬೆರೆತ ಬೂದು ಬಟ್ಟೆ. ಬಟ್ಟೆ ಒದ್ದೆಯಾದಾಗ ಎಳೆಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ತುಂಬಿ, ಬೆಳಕು ಚದುರುವುದು ಕಡಿಮೆಯಾಗಿ ಬಣ್ಣ ಗಾಢವಾಗಿ ಕಾಣುತ್ತದೆ. ಬೂದು, ಆಕಾಶನೀಲಿಯಂಥ ನಡುವಿನ ಬಣ್ಣಗಳಲ್ಲಿ ಈ ಬದಲಾವಣೆ ಎದ್ದು ಕಾಣುವುದರಿಂದ ಕಂಕುಳ ಕಲೆ ತರಗತಿಯ ಕೊನೆಯ ಬೆಂಚಿನವರೆಗೂ ಕಾಣುತ್ತದೆ. ಕಪ್ಪಿನಲ್ಲಿ ಇನ್ನಷ್ಟು ಕಪ್ಪಾಗಲು ಎಡೆಯಿಲ್ಲ, ಬಿಳಿಯಲ್ಲಿ ನೆರಳು ಮಾತ್ರ ಬೀಳುತ್ತದೆ. ಆದರೆ ತೆಳು ಬಿಳಿ ಬಟ್ಟೆ ಜೂನ್ ಮಳೆಯಲ್ಲಿ ನೆನೆದರೆ ಪಾರದರ್ಶಕವಾಗುತ್ತದೆ ಎಂಬುದನ್ನು ಹುಡುಗಿಯರಿಗೆ ನಾನು ಹೇಳಬೇಕಾಗಿಲ್ಲ. ಕೆನೆಬಣ್ಣ, ಮರಳುಬಣ್ಣ, ಅಥವಾ ಚಿಕ್ಕ ಚಿತ್ರಗಳು ಅಂಗಿಯಿಡೀ ಹರಡಿಕೊಂಡಿರುವಂಥದ್ದು ನನಗೆ ಹಿಡಿಸಿದೆ. ಮಳೆಗಾಲದಲ್ಲಿ ಭಾರದ ಬಟ್ಟೆ ಹಾಸ್ಟೆಲಿನ ಕಾರಿಡಾರಿನಲ್ಲಿ ಎರಡು ದಿನ ತೂಗಿದರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಈ ಒಂದು ವಿಷಯದಲ್ಲಿ ನೂಲೆಳೆ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಪ್ರತಿಕ್ರಿಯೆ | ಬಿಸಿಲೂರಿನವ

ಇಬ್ಬರಿಗೂ ಧನ್ಯವಾದಗಳು. ಭುಜದ ವಿಷಯ ನನಗೆ ಹೊಳೆದಿರಲಿಲ್ಲ. ಗಾಢ ಬಣ್ಣವನ್ನು ಪೂರ್ತಿಯಾಗಿ ಬಿಡಲು ಮನಸ್ಸಿಲ್ಲದ್ದರಿಂದ ಮತ್ತೊಂದು ಪ್ರಶ್ನೆ: ಹೊಸ ಮರೂನ್ ಅಂಗಿ ಮೊದಲ ಒಗೆತದಲ್ಲೇ ಬಣ್ಣ ಬಿಟ್ಟು ಉಳಿದ ಬಟ್ಟೆಗಳನ್ನೂ ಕೆಡಿಸಿತು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಅಮ್ಮ ಹೇಳುತ್ತಾರೆ. ಅದು ಸರಿಯೇ?

ಉತ್ತರ | ಬಣ್ಣದ ಬಾನಿ

ಬಣ್ಣಗಾರಿಕೆಯನ್ನು ಕಲಿಸುವವನಾಗಿ ಇದಕ್ಕೆ ಉತ್ತರಿಸುತ್ತೇನೆ. ನಿಮ್ಮ ತಾಯಿಯವರ ಮಾತಿನಲ್ಲಿ ಒಂದು ಎಳೆಯಷ್ಟು ಸತ್ಯವಿದೆ. ಹತ್ತಿಗೆ ಇಂದು ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣಗಳನ್ನು. ಬಣ್ಣ ನೀರನ್ನು ಬಿಟ್ಟು ನೂಲಿನತ್ತ ಸರಿಯಲೆಂದು ಉಪ್ಪನ್ನೂ, ಅದು ನೂಲಿನೊಡನೆ ರಾಸಾಯನಿಕವಾಗಿ ಬೆಸೆಯಲೆಂದು ಸೋಡಾ ಬೂದಿಯನ್ನೂ ಬಾನಿಗೆ ಹಾಕುತ್ತಾರೆ. ಆದರೆ ಹಾಕಿದ ಬಣ್ಣವೆಲ್ಲ ಬೆಸೆಯುವುದಿಲ್ಲ. ಒಂದು ಪಾಲು ನೀರಿನೊಡನೆಯೇ ಪ್ರತಿಕ್ರಿಯಿಸಿ ಕೆಲಸಕ್ಕೆ ಬಾರದಾಗಿ ನೂಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅದನ್ನು ಬಿಸಿ ಸಾಬೂನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಕಪ್ಪು, ಮರೂನ್, ಕಡುನೀಲಿಯಂಥ ಗಾಢ ಬಣ್ಣಗಳಲ್ಲಿ ಈ ಶೇಷ ಹೆಚ್ಚು. ಖರ್ಚು ಉಳಿಸಲು ಆ ತೊಳೆತವನ್ನು ಮೊಟಕುಗೊಳಿಸಿದರೆ, ಬಾಕಿಯುಳಿದ ಬಣ್ಣ ನಿಮ್ಮ ಬಕೆಟ್ಟಿನಲ್ಲಿ ಇಳಿಯುತ್ತದೆ. ಒಮ್ಮೆ ಕೆಟ್ಟ ಆ ಬಣ್ಣಕ್ಕೆ ನೂಲಿನೊಡನೆ ಬೆಸೆಯುವ ಶಕ್ತಿ ಉಳಿದಿರುವುದಿಲ್ಲವಾದ್ದರಿಂದ ಮನೆಯ ಉಪ್ಪು ಅದನ್ನು ನಿಲ್ಲಿಸಲಾರದು.

ಈ ಉಪ್ಪು ಮತ್ತು ಶೇಷಬಣ್ಣಗಳ ಕಥೆ ಅಂಗಿಯಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಹೇಳದಿರಲಾರೆ. ತಿರುಪ್ಪೂರಿನ ನೊಯ್ಯಲ್ ನದಿಗೆ ಇವೇ ಹರಿದುಹೋದದ್ದರಿಂದ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಕೊಳೆನೀರನ್ನು ಹೊರಗೆ ಬಿಡದೆ ಶುದ್ಧೀಕರಿಸಿ ಮರುಬಳಸುವುದು ದುಬಾರಿ ಕೆಲಸ. ತೀರಾ ಅಗ್ಗವಾದ ಗಾಢ ಬಣ್ಣದ ಅಂಗಿಯನ್ನು ಕಂಡಾಗ ಯಾವ ಹಂತದಲ್ಲಿ ಹಣ ಉಳಿಸಿರಬಹುದು ಎಂದು ನಾನಂತೂ ಯೋಚಿಸುತ್ತೇನೆ.

ಅಂಗಡಿಯಲ್ಲಿಯೇ ಪರೀಕ್ಷಿಸಬೇಕೆಂದರೆ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಅಂಗಿಯ ಒಳಮಡಿಕೆಯ ಮೇಲೆ ಉಜ್ಜಿ ನೋಡಿ. ಮನೆಗೆ ತಂದ ಮೇಲೆ ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ ಒಗೆದು ನೆರಳಿನಲ್ಲಿ ಒಣಗಿಸಿ. ಬೋರ್‌ವೆಲ್‌ನ ಗಡಸು ನೀರಾದರೆ ಸಾಬೂನು ಸರಿಯಾಗಿ ಹೋಗದೆ ಕಪ್ಪು ಬಟ್ಟೆಯ ಮೇಲೆ ಬಿಳುಪು ಪೊರೆ ಕೂರುತ್ತದೆ. ಅನೇಕರು ಅದನ್ನೇ ಬಣ್ಣ ಹೋಯಿತೆಂದು ತಿಳಿಯುತ್ತಾರೆ.

ಉತ್ತರ | ಇಳಕಲ್ಲಿನ ಮೊಮ್ಮಗಳು

ಮೈಬಣ್ಣದ ಪ್ರಶ್ನೆಯನ್ನು ಎಲ್ಲರೂ ದಾಟಿ ಹೋಗಿದ್ದಾರೆ. ತಮ್ಮಾ, ನಿಮ್ಮ ಮನೆಯ ಹಿರಿಯರೇ ಉಟ್ಟ ಇಳಕಲ್ ಸೀರೆಗಳನ್ನು ಒಮ್ಮೆ ನೋಡಿ. ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು, ಇವೆಲ್ಲ ನಮ್ಮ ಭಾಗದ ಬಿಸಿಲಿನಲ್ಲಿ ದುಡಿದ ಮೈಬಣ್ಣದ ಮೇಲೆಯೇ ತಲೆತಲಾಂತರದಿಂದ ಕಂಡ ಬಣ್ಣಗಳು. ಹೆಂಗಸರಿಗೆ ಒಪ್ಪಿದ ಬಣ್ಣ ಗಂಡುಮಕ್ಕಳ ಮೈಮೇಲೆ ಬಂದಾಗ ಮಾತ್ರ ಒಪ್ಪದಂತಾಗುವುದಕ್ಕೆ ಕಾರಣವಿಲ್ಲ. ಓವರ್‌ಸೈಜ್ ಉಡುಪಿನಲ್ಲಿ ಎಚ್ಚರ ವಹಿಸಬೇಕಾದದ್ದು ಬೇರೆ ಕಡೆ: ಬಟ್ಟೆಯ ಹರವು ದೊಡ್ಡದಿರುವುದರಿಂದ ಒಂದೇ ಬಣ್ಣ ಮೇಲೂ ಕೆಳಗೂ ಬಂದರೆ ಅದು ಅತಿಯಾಯಿತು ಎನಿಸುವುದುಂಟು. ಸಾಸಿವೆ ಹಳದಿಯ ಅಂಗಿಗೆ ಕಡುಬಣ್ಣದ ಪ್ಯಾಂಟು ಹಾಕಿಕೊಳ್ಳಿ, ಸಾಕು.

ಅಳತೆಯ ಬಗ್ಗೆಯೂ ಒಂದು ಮಾತು. ಸಾಮಾನ್ಯ ಟೀ ಶರ್ಟಿನಲ್ಲಿ ಎರಡು ಸೈಜ್ ದೊಡ್ಡದನ್ನು ಕೊಂಡರೆ ಅದು ಓವರ್‌ಸೈಜ್ ಆಗುವುದಿಲ್ಲ. ಕುತ್ತಿಗೆ ಜಾರುತ್ತದೆ, ಉದ್ದ ತೊಡೆಗಿಳಿಯುತ್ತದೆ. ದೊಗಲೆಯಾಗಿಯೇ ಕತ್ತರಿಸಿದ ಅಂಗಿಯಲ್ಲಿ ನಿಮ್ಮ ಎಂದಿನ ಸೈಜನ್ನೇ ತೆಗೆದುಕೊಳ್ಳಿ. ಎಂಜಿನಿಯರಿಂಗ್ ಎಂದಿದ್ದೀರಿ: ವರ್ಕ್‌ಶಾಪ್ ಇರುವ ದಿನ ಇಂಥ ಅಂಗಿ ಬೇಡವೇ ಬೇಡ. ತಿರುಗುವ ಲೇತ್‌ಗೂ ಡ್ರಿಲ್ಲಿಗೂ ಸಡಿಲ ತೋಳು ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ, ಆ ದಿನ ಮೈಗೆ ಹತ್ತುವ ಅಂಗಿಯನ್ನೇ ಹಾಕಿಕೊಂಡು ಹೋಗಿ.