ಎಲ್‌ಎಫ್‌ಪಿ ಪುಡಿಯ ಮೇಲ್ಪದರ ಕೆಂಪಾಗುತ್ತಿದೆ, ಕಿಲ್ನ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಬ್ಯಾಟರಿ ಕ್ಯಾಥೋಡ್ ಪುಡಿ (ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್) ತಯಾರಿಸುವ ಪ್ಲಾಂಟ್‌ನಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿದ್ದೇನೆ, ಹೊಸಬ. ಫೆರಿಕ್ ಫಾಸ್ಫೇಟ್, ಲಿಥಿಯಂ ಕಾರ್ಬೊನೇಟ್, ಗ್ಲೂಕೋಸ್ ಮೂರನ್ನೂ ನೀರಿನಲ್ಲಿ ಅರೆದು, ಸ್ಪ್ರೇ ಡ್ರೈ ಮಾಡಿ, ರೋಲರ್ ಕಿಲ್ನ್‌ನಲ್ಲಿ (ಉರುಳೆಗಳ ಮೇಲೆ ಸರಕು ಸಾಗುವ ಕುಲುಮೆ) ನೈಟ್ರೋಜನ್ ಹರಿಸುತ್ತಾ 750 ಡಿಗ್ರಿಯಲ್ಲಿ ಸುಡುತ್ತೇವೆ. ಕೆಲವು ಸ್ಯಾಗರ್‌ಗಳಲ್ಲಿ (ಪುಡಿ ತುಂಬಿ ಸುಡುವ ಪೆಟ್ಟಿಗೆ) ಮೇಲಿನ ಅರ್ಧ ಸೆಂಟಿಮೀಟರ್ ಕಂದುಗೆಂಪು, ಕೆಳಗೆ ಕಪ್ಪು. ಕಾರ್ಬನ್ ಶೇ. 1.4 ಇರಬೇಕಾದದ್ದು 1.1ಕ್ಕೆ ಇಳಿದಿದೆ. ಪುಡಿ ಸರಿಯಾಗಿ ಬೆಂದಿಲ್ಲ, ತಾಪ ಏರಿಸೋಣ ಎನ್ನುತ್ತಾರೆ ಶಿಫ್ಟ್‌ನವರು. ಏರಿಸಬಹುದೇ?

ಉತ್ತರ: ತಾಪ ಮುಟ್ಟಬೇಡಿ. ಇದು ಬೇಯದ ಪುಡಿಯಲ್ಲ, ಗಾಳಿ ತಗುಲಿದ ಪುಡಿ. ಎಲ್‌ಎಫ್‌ಪಿಯಲ್ಲಿ ಕಬ್ಬಿಣ ಫೆರಸ್ (Fe²⁺) ರೂಪದಲ್ಲೇ ಉಳಿಯಬೇಕು. ಬಿಸಿಯಲ್ಲಿ ಆಮ್ಲಜನಕ ಸಿಕ್ಕರೆ ಅದು ಫೆರಿಕ್ (Fe³⁺) ಆಗಿ, ಕೆಂಪು ಐರನ್ ಆಕ್ಸೈಡ್ ಬೇರ್ಪಡುತ್ತದೆ. ಜೊತೆಗೆ ಕಣಗಳ ಮೇಲಿನ ಕಾರ್ಬನ್ ಲೇಪವೂ ಉರಿದುಹೋಗುತ್ತದೆ. ನಿಮ್ಮ ಕಾರ್ಬನ್ ಇಳಿದಿದೆ ಅಂದರೆ ಗಾಳಿ ನುಗ್ಗಿದ್ದು ಹೊರಬರುವ ಬಾಗಿಲಲ್ಲಲ್ಲ, ಬಿಸಿ ವಲಯದಲ್ಲಿ. ಈಗ ತಾಪ ಏರಿಸಿದರೆ ಕಣಗಳು ದಪ್ಪವಾಗುತ್ತವೆ, ಕೆಳಗಿನ ಒಳ್ಳೆಯ ಪುಡಿಯಲ್ಲಿ ಐರನ್ ಫಾಸ್ಫೈಡ್ ಹುಟ್ಟಿ ಸಾಮರ್ಥ್ಯ ಇನ್ನೂ ಕುಸಿಯುತ್ತದೆ.

ಮೊದಲು ಎಕ್ಸಾಸ್ಟ್ ಪೈಪ್ ಬಿಚ್ಚಿ ನೋಡಿ. 200ರಿಂದ 450 ಡಿಗ್ರಿಯ ವಲಯದಲ್ಲಿ ಗ್ಲೂಕೋಸ್ ಒಡೆದು ನೀರಾವಿ, ಕಾರ್ಬನ್ ಮಾನಾಕ್ಸೈಡ್, ಡಾಂಬರಿನಂಥ ಆವಿ ಹೇರಳವಾಗಿ ಏಳುತ್ತವೆ. ಪೈಪಿನ ತಣ್ಣನೆ ಭಾಗದಲ್ಲಿ ಈ ಟಾರ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಒತ್ತಡ ಏರಿತೆಂದು ಯಾರೋ ಫ್ಯಾನ್ ವೇಗ ಹೆಚ್ಚಿಸುತ್ತಾರೆ. ಆಗ ಕಟ್ಟದೇ ಇರುವ ಪಕ್ಕದ ಪೈಪ್ ಅತಿಯಾಗಿ ಎಳೆದು, ಅಲ್ಲಿ ಕಿಲ್ನ್ ಒತ್ತಡ ಋಣವಾಗುತ್ತದೆ, ರೋಲರ್ ತುದಿಗಳ ಸೀಲ್‌ಗಳಿಂದ ಹೊರಗಾಳಿ ಒಳಗೆ ಬರುತ್ತದೆ. ಕಿಲ್ನ್‌ನ ಉದ್ದಕ್ಕೂ ಒತ್ತಡ ಹೊರಗಿಗಿಂತ 20ರಿಂದ 50 ಪಾಸ್ಕಲ್ ಹೆಚ್ಚಿರಲಿ. ಒಂದೇ ಗೇಜ್ ನಂಬಬೇಡಿ, ಪ್ರತಿ ವಲಯದಲ್ಲೂ ಅಳೆಯಿರಿ. ಪೈಪ್ ಬಿಚ್ಚುವಾಗ ಕಾರ್ಬನ್ ಮಾನಾಕ್ಸೈಡ್ ಮೀಟರ್ ಅಂಗಿಗೆ ಸಿಕ್ಕಿಸಿಕೊಂಡೇ ಇರಬೇಕು.

ಮರುಪ್ರಶ್ನೆ: ಸರ್, ಆಮ್ಲಜನಕ ಅನಲೈಸರ್ ಆ ವಲಯದಲ್ಲಿ 10 ಪಿಪಿಎಂಗಿಂತ ಕಡಿಮೆ ತೋರಿಸುತ್ತಿದೆಯಲ್ಲ?

ಉತ್ತರ: ಅದು ಜಿರ್ಕೋನಿಯಾ ಸೆನ್ಸರ್ ಆಗಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ಅದರ ತುದಿ ಸುಮಾರು 700 ಡಿಗ್ರಿ ಬಿಸಿಯಿರುತ್ತದೆ. ಸ್ಯಾಂಪಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಆಮ್ಲಜನಕ ಅಲ್ಲೇ ಉರಿದು, ಇರುವುದಕ್ಕಿಂತ ಕಡಿಮೆ ಓದುತ್ತದೆ. ಗ್ಲೂಕೋಸ್ ಒಡೆಯುವ ವಲಯಕ್ಕೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಹಾಕಿ, ಮುಂದೆ ಟಾರ್ ಫಿಲ್ಟರ್ ಇಡಿ. 750ರ ವಲಯದಲ್ಲಿ 50 ಪಿಪಿಎಂ ದಾಟಿದರೆ ಅಲಾರಂ ಹೊಡೆಯಲಿ. ಎಕ್ಸಾಸ್ಟ್ ಸರಿಯಿದ್ದೂ ಕೆಂಪು ಹೋಗದಿದ್ದರೆ ಏರ್‌ಲಾಕ್‌ನ (ಕಿಲ್ನ್ ಬಾಯಿಯ ಎರಡು ಬಾಗಿಲ ಕೋಣೆ) ಪರ್ಜ್ ಸಮಯ, ಅಂದರೆ ನೈಟ್ರೋಜನ್‌ನಿಂದ ಗಾಳಿ ಹೊರದೂಡುವ ಸಮಯ, ಆಮೇಲೆ ಕೂಲಿಂಗ್ ವಲಯದ ನೀರಿನ ಜಾಕೆಟ್ ಸೋರಿಕೆ ನೋಡಿ. ನೀರಾವಿಯೂ ಕಾರ್ಬನ್ ತಿನ್ನುತ್ತದೆ, ಆದರೆ ಆಮ್ಲಜನಕ ಮೀಟರಿಗೆ ಸಿಗುವುದಿಲ್ಲ. ಅನಿಲದ ತೇವ ಅಳೆಯುವ ಡ್ಯೂ ಪಾಯಿಂಟ್ ಮೀಟರ್ ಬೇಕು.

ಮತ್ತೊಬ್ಬರ ಪ್ರಶ್ನೆ: ನಮ್ಮಲ್ಲಿ ಕೆಂಪು ಇಲ್ಲ, ಆದರೆ ಮಳೆಗಾಲದ ಬ್ಯಾಚ್‌ಗಳಲ್ಲಿ ಪುಡಿಯ ಪಿಎಚ್ ಏರುತ್ತದೆ. ರೆಸಿಪಿ ಬದಲಿಸಿಲ್ಲ.

ಉತ್ತರ: ರೆಸಿಪಿ ಬದಲಾಗಿಲ್ಲ, ತೂಕದೊಳಗಿನ ನೀರು ಬದಲಾಗಿದೆ ಮೇಡಂ. 100 ಕಿಲೋ ಎಲ್‌ಎಫ್‌ಪಿಗೆ ಲೆಕ್ಕದ ಪ್ರಕಾರ ನೀರಿಲ್ಲದ ಫೆರಿಕ್ ಫಾಸ್ಫೇಟ್ 95.6 ಕಿಲೋ, ಲಿಥಿಯಂ ಕಾರ್ಬೊನೇಟ್ 23.4 ಕಿಲೋ. ಇದರ ಮೇಲೆ ಲಿಥಿಯಂ ಶೇ. 3ರಷ್ಟು ಹೆಚ್ಚು ಹಾಕುವುದು ರೂಢಿ. ತೆರೆದಿಟ್ಟ ಫೆರಿಕ್ ಫಾಸ್ಫೇಟ್ ಚೀಲ ಶೇ. 2 ತೇವ ಹೀರಿದ್ದರೆ, ನೀವು ತೂಗಿದ 95.6 ಕಿಲೋದಲ್ಲಿ ಸುಮಾರು 1.9 ಕಿಲೋ ನೀರೇ. ಶೇ. 3 ಇದ್ದ ಹೆಚ್ಚುವರಿ ಲಿಥಿಯಂ ಶೇ. 5 ಆಯಿತು. ಉಳಿದ ಲಿಥಿಯಂ ಕಣದ ಮೇಲೆ ಕೂತು ಪಿಎಚ್ ಏರಿಸುತ್ತದೆ. ಸೆಲ್ ತಯಾರಿಸುವವರ ಕಡೆ ಪಿವಿಡಿಎಫ್ (ಪುಡಿಯನ್ನು ಹಿಡಿದಿಡುವ ಅಂಟು) ಸ್ಲರಿ ಜೆಲ್ ಕಟ್ಟುವುದು ಹೀಗೇ. ಅರೆಯುವ ಟ್ಯಾಂಕಿಗೆ ಸುರಿಯುವ ದಿನವೇ ತೂಕನಷ್ಟ ಪರೀಕ್ಷೆ (ಬಿಸಿ ಮಾಡಿ ಎಷ್ಟು ತೂಕ ಇಳಿಯಿತೆಂದು ನೋಡುವುದು) ಮಾಡಿ ತೂಕ ತಿದ್ದಿ. ಸಪ್ಲೈಯರ್ ಸರ್ಟಿಫಿಕೇಟ್‌ನಲ್ಲಿರುವುದು ಅವರ ಗೋಡೌನಿನ ತೇವ, ನಿಮ್ಮದಲ್ಲ. ಕಬ್ಬಿಣ-ಫಾಸ್ಫರಸ್ ಅನುಪಾತವೂ ಲಾಟ್‌ನಿಂದ ಲಾಟ್‌ಗೆ ಸರಿಯುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಕ್ವಾಲಿಟಿ ವಿಭಾಗದವರೊಬ್ಬರ ಸೇರ್ಪಡೆ: ಎಕ್ಸಾಸ್ಟ್ ಬಿಚ್ಚುವ ಕೆಲಸ ಎಂದಾಗ ಒಂದು ಮಾತು. ಹಿತ್ತಾಳೆ ಫಿಟ್ಟಿಂಗ್, ಗ್ಯಾಲ್ವನೈಸ್ಡ್ ಬೋಲ್ಟ್ ಪುಡಿಯ ದಾರಿಯ ಹತ್ತಿರ ಬರಬಾರದು. ಕಬ್ಬಿಣದ ಚೂರನ್ನು 10,000 ಗಾಸ್ ಮ್ಯಾಗ್ನೆಟ್ ಹಿಡಿಯುತ್ತದೆ. ತಾಮ್ರ, ಸತು ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅವು ಸೆಲ್ ಒಳಗೆ ಕರಗಿ, ಆನೋಡ್ ಮೇಲೆ ಮತ್ತೆ ಲೋಹವಾಗಿ ಕೂತು, ಸೆಪರೇಟರ್ (ಎರಡು ಎಲೆಕ್ಟ್ರೋಡ್‌ಗಳ ನಡುವಿನ ತೆಳು ಪರದೆ) ಚುಚ್ಚಬಹುದು. ಅವನ್ನು ಹಿಡಿಯುವುದಕ್ಕಿಂತ ಒಳಗೆ ಬಿಡದಿರುವುದೇ ಸುಲಭ. ಗೇಟಿನಲ್ಲೇ ಟೂಲ್‌ಬಾಕ್ಸ್ ತಪಾಸಣೆ ಇಟ್ಟುಕೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು: ಕೆಂಪಾದ ಪುಡಿಯನ್ನು ಮತ್ತೆ ಕಿಲ್ನ್‌ಗೆ ಹಾಕಬಹುದೇ?

ಉತ್ತರ: ಹಾಗೇ ಹಾಕಬೇಡಿ, ಕಾರ್ಬನ್ ಕಡಿಮೆಯಾದ ಪುಡಿ ಅದು. ಮೇಲ್ಪದರ ಕೆರೆದು ಬೇರೆ ಡ್ರಮ್‌ನಲ್ಲಿಡಿ. ಸ್ವಲ್ಪ ಗ್ಲೂಕೋಸ್ ಸೇರಿಸಿ ಮತ್ತೆ ಅರೆದು, ಪ್ರತ್ಯೇಕ ಬ್ಯಾಚ್ ಆಗಿ ಸುಟ್ಟು, ಕಾರ್ಬನ್ ಮತ್ತು ಕಾಯಿನ್ ಸೆಲ್ (ಪರೀಕ್ಷೆಗೆ ಮಾಡುವ ಪುಟ್ಟ ಸೆಲ್) ಸಾಮರ್ಥ್ಯ ನೋಡಿ. ಎರಡೂ ಬಂದರೆ ಕೆಳದರ್ಜೆಗೆ ಕೊಡಿ, ಒಳ್ಳೆಯ ಲಾಟ್‌ಗೆ ಬೆರೆಸಬೇಡಿ.