ಕಾಡಂಚಿನ ಹಾಡಿಗೆ ಬೆಳಕು, ದಾರಿ, ಗಾಡಿ: ಅನುದಾನ ಯಾವ ಬಾಗಿಲಲ್ಲಿ ಕೇಳೋದು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಎಚ್.ಡಿ. ಕೋಟೆ ಕಡೆ ಮೇಷ್ಟ್ರು. ಕಾಡಂಚಿನ ಜೇನುಕುರುಬರ ಹಾಡಿಯಿಂದ ನಮ್ಮ ಶಾಲೆಗೆ ಮಕ್ಕಳು ಬರುತ್ತಾರೆ. ಹಾಡಿಯಲ್ಲಿ 46 ಮನೆ ಇವೆ. ಕತ್ತಲಾದ ಮೇಲೆ ಆನೆ ಭಯ, ಯಾರೂ ಹೊರಗೆ ಬರಲ್ಲ. ಮೂರು ವರ್ಷದ ಹಿಂದೆ ಒಂದು ಸಂಸ್ಥೆಯವರು ಆರು ಸೋಲಾರ್ ದೀಪ ಹಾಕಿಸಿ, ಫೋಟೊ ತೆಗೆಸಿಕೊಂಡು ಹೋದರು. ಈಗ ಒಂದೂ ಉರಿಯಲ್ಲ. ಒಂದು ಕಂಬದ ಬ್ಯಾಟರಿ ಡಬ್ಬಿಯಲ್ಲಿ ತುಡುವೆ ಜೇನು ಕಟ್ಟಿದೆ. ಹೋದ ತಿಂಗಳು ಹಾವು ಕಚ್ಚಿದ ಹೆಂಗಸನ್ನು ಕಂಬಳಿಯಲ್ಲಿ ಹೊತ್ತುಕೊಂಡು ಎರಡು ಕಿಲೋಮೀಟರ್ ನಡೆದೆವು. ಡಾಂಬರು ರಸ್ತೆ ಹತ್ತಿರ ಬಂದ ಮೇಲೇ ಫೋನಿಗೆ ಸಿಗ್ನಲ್ ಸಿಕ್ಕಿದ್ದು, ಆಮೇಲೇ 108 ಬಂದಿದ್ದು. ಆಕೆ ಬದುಕಿದರು. ಪಂಚಾಯಿತಿಗೆ ಹೋದರೆ ‘ಅರಣ್ಯದ ಜಾಗ, ನಮ್ಮ ಕೈಲಿಲ್ಲ’ ಅಂದರು. ಅರಣ್ಯದವರು ‘ಪಂಚಾಯಿತಿ ಕೇಳಿ’ ಅಂದರು. ಇಂಥ ಹಾಡಿಗಳ ಸಾರ್ವಜನಿಕ ಸುರಕ್ಷತೆಗೆ ಅಂತ ಏನಾದರೂ ಅನುದಾನ ಇದೆಯಾ?

ಉತ್ತರ (ಬುಡಕಟ್ಟು ಯೋಜನೆಗಳ ಅರ್ಜಿ, ಅಂದಾಜುಪಟ್ಟಿ ಮಾಡೋದೇ ನನ್ನ ಕೆಲಸ): ಮೇಷ್ಟ್ರೇ, ಮೊದಲು ‘ಸುರಕ್ಷತೆ’ ಅನ್ನೋ ಪದವನ್ನು ಅರ್ಜಿಯಿಂದ ತೆಗೆಯಿರಿ. ಆ ಹೆಸರಿನ ಲೆಕ್ಕಶೀರ್ಷಿಕೆ ಪಂಚಾಯಿತಿಯಲ್ಲೂ ಇಲ್ಲ, ಅರಣ್ಯದಲ್ಲೂ ಇಲ್ಲ. ಓದಿದವರಿಗೆ ಪೊಲೀಸ್ ಇಲಾಖೆ ನೆನಪಾಗಿ ಫೈಲು ಅತ್ತ ಹೋಗುತ್ತದೆ. ನಿಮಗೆ ಬೇಕಾದದ್ದು ತಂತಿ, ದೀಪ, ದಾರಿ, ಗಾಡಿ, ಸಿಗ್ನಲ್. ಹಾಗೇ ಬಿಡಿಸಿ ಬರೆಯಿರಿ. ಒಂದೊಂದಕ್ಕೂ ಒಂದೊಂದು ಇಲಾಖೆ ಇದೆ, ಒಂದೊಂದರ ಹಣವೂ ಇದೆ.

‘ಅರಣ್ಯದ ಜಾಗ, ಆಗಲ್ಲ’ ಅನ್ನೋದು ಅರ್ಧ ಸತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಓದಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ರಸ್ತೆ, ವಿದ್ಯುತ್ ಮತ್ತು ದೂರಸಂಪರ್ಕದ ತಂತಿ, ಕುಡಿಯೋ ನೀರು, ಸೋಲಾರ್‌ನಂಥ ಇಂಧನ, ಸಮುದಾಯ ಭವನ, ಹೀಗೆ 13 ಸೌಕರ್ಯಗಳಿಗೆ ಅರಣ್ಯ ಜಾಗ ಕೊಡಬಹುದು. ಒಂದೊಂದು ಕೆಲಸಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಸಾಕಾಗಬೇಕು, ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯುವಂತಿಲ್ಲ. ಗ್ರಾಮಸಭೆ ಶಿಫಾರಸು ಮಾಡಿರಲೇಬೇಕು. ಸೌಕರ್ಯ ನಡೆಸೋದು ಸರ್ಕಾರವೇ ಆಗಿರಬೇಕು. ಎಲ್ಲರೂ ಎಡವೋದು ಇಲ್ಲೇ. ಹಾಡಿಯವರು ಅರ್ಜಿ ಬರೆದು ನೇರವಾಗಿ ರೇಂಜರ್ ಟೇಬಲ್ಲಿಗೆ ಇಡುತ್ತಾರೆ, ಅದು ಅಲ್ಲೇ ಧೂಳು ತಿನ್ನುತ್ತದೆ. ಪ್ರಸ್ತಾವ ಪಂಚಾಯಿತಿಯಿಂದಲೋ ಇಲಾಖೆಯಿಂದಲೋ ಹೋಗಬೇಕು, ಅದರ ಬೆನ್ನಿಗೆ ನಿಮ್ಮ ಗ್ರಾಮಸಭೆಯ ಠರಾವು ಇರಬೇಕು. ಹಾಡಿ ನ್ಯಾಷನಲ್ ಪಾರ್ಕ್ ಗಡಿಯ ಒಳಗಿದ್ದರೆ ತಕರಾರು ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಣದ ಮಾತಿಗೆ ಬರೋಣ. ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರು, ಇಬ್ಬರನ್ನೇ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದ್ದಾರೆ. ಇವರಿಗಾಗಿಯೇ 2023ರ ನವೆಂಬರ್ 15ರಂದು, ಬಿರ್ಸಾ ಮುಂಡಾ ಜಯಂತಿ ದಿನ, ಕೇಂದ್ರದ ಪಿಎಂ ಜನ್‌ಮನ್ ಯೋಜನೆ ಶುರುವಾಯಿತು. ದೇಶದ ಇಂಥ 75 ಸಮುದಾಯಗಳಿಗೆ ಒಟ್ಟು 24,104 ಕೋಟಿ ರೂಪಾಯಿ. ರಸ್ತೆ, ಕರೆಂಟು, ಮೊಬೈಲ್ ಸಂಪರ್ಕ, ಸಂಚಾರಿ ಆಸ್ಪತ್ರೆ ಎಲ್ಲ ಇದರಲ್ಲಿವೆ. ಜಿಲ್ಲೆಯ ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಗೆ ಹೋಗಿ ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಹಾಡಿಯ ಹೆಸರಿದೆಯಾ ಅಂತ ನೋಡಿ. ‘ಇರಬೇಕು ಸಾರ್’ ಅಂದರೆ ಒಪ್ಪಬೇಡಿ, ಪಟ್ಟಿ ತೆರೆಸಿ. ಹಾಡಿಗೆ ಮೂರು ಹೆಸರಿರುತ್ತವೆ. ಜನ ಕರೆಯೋದು ಒಂದು, ರೇಷನ್ ಕಾರ್ಡಲ್ಲಿ ಇನ್ನೊಂದು, ಅರಣ್ಯ ನಕ್ಷೆಯಲ್ಲಿ ಮತ್ತೊಂದು. ಒಂದು ಅಕ್ಷರ ತಪ್ಪಿದ್ದಕ್ಕೆ ಎರಡು ವರ್ಷ ರಸ್ತೆ ನಿಂತದ್ದನ್ನು ನಾನೇ ಕಂಡಿದ್ದೇನೆ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾವು ಯಳಂದೂರು ಕಡೆಯ ಸೋಲಿಗರು. ನಮಗೆ ಜನ್‌ಮನ್ ಇಲ್ಲ. ನಮಗೂ ಅದೇ ಆನೆ, ಅದೇ ಕತ್ತಲು ಅಲ್ವಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ಆನೆಗೆ ಪಟ್ಟಿ ಗೊತ್ತಿಲ್ಲ. ನಿಮಗೆ ಎರಡು ದಾರಿ. 2024ರ ಅಕ್ಟೋಬರ್ 2ರಂದು ಶುರುವಾದ ಕೇಂದ್ರದ ಧರ್ತಿ ಆಬಾ ಅಭಿಯಾನ ಮುಖ್ಯವಾಗಿ ಪರಿಶಿಷ್ಟ ಪಂಗಡದವರು ಹೆಚ್ಚಿರುವ ಹಳ್ಳಿಗಳಿಗೆ ಉದ್ದೇಶಿಸಿದ್ದು, 17 ಸಚಿವಾಲಯ ಸೇರಿವೆ. ಆದರೆ ನಾನಾದರೆ ಮೊದಲು ರಾಜ್ಯದ ಹಣಕ್ಕೆ ಕೈ ಹಾಕುತ್ತೇನೆ. ರಾಜ್ಯದ 2013ರ ಪರಿಶಿಷ್ಟ ಜಾತಿ, ಬುಡಕಟ್ಟು ಉಪಯೋಜನೆ ಕಾಯ್ದೆಯ ಪ್ರಕಾರ ಯೋಜನಾ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಪಾಲು 24.1 ಶೇಕಡ, ಅದರಲ್ಲಿ ಪಂಗಡದ್ದು 6.95. ಎಲ್ಲರೂ ಓಡಾಡೋ ರಸ್ತೆಗೂ ಈ ದುಡ್ಡನ್ನು ಖರ್ಚು ತೋರಿಸಲು 7(ಡಿ) ಅಂತ ಒಂದು ಕಿಂಡಿ ಇತ್ತು. 2023ರಲ್ಲಿ ಅದನ್ನು ಮುಚ್ಚಿದರು. ಹಾಗಾಗಿ ಎಸ್ಕಾಂ ಆಗಲಿ, ಲೋಕೋಪಯೋಗಿ ಆಗಲಿ, ‘ನಿಮ್ಮ ಟಿಎಸ್‌ಪಿ (ಬುಡಕಟ್ಟು ಉಪಯೋಜನೆ) ಪಾಲಲ್ಲಿ ನಮ್ಮ ಪೋಡಿಗೆ, ಅಂದರೆ ಹಾಡಿಗೆ, ಈ ವರ್ಷ ಏನಿದೆ?’ ಅಂತ ಕೇಳಿ. ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ.

ಒಂದು ವಿಷಯದಲ್ಲಿ ನೀವೇ ಬೇರೆಯವರಿಗಿಂತ ಮುಂದಿದ್ದೀರಿ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಪತ್ರ ಸಿಕ್ಕಿದೆ. ಹುಲಿ ಮೀಸಲಿನ ಒಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ನಿಮ್ಮ ಪೋಡಿನ ಪತ್ರ ಇದ್ದರೆ ನಕಲು ಲಗತ್ತಿಸಿ.

ಮೇಷ್ಟ್ರು: ಆನೆ ತಡೆಯೋ ಬೇಲಿ ಕೂಡ ಇದರಲ್ಲೇ ಕೇಳಬಹುದಾ?

ಉತ್ತರ: ಬೇಡ. ಬೇಲಿ, ಕಂದಕ, ರೈಲ್ವೆ ಕಂಬಿ ತಡೆಗೋಡೆ ಆ 13ರ ಪಟ್ಟಿಯಲ್ಲಿಲ್ಲ, ಅದು ಅರಣ್ಯ ಇಲಾಖೆಯ ಸ್ವಂತ ಕೆಲಸ. ಎರಡನ್ನೂ ಒಂದೇ ಅರ್ಜಿಗೆ ತುರುಕಿದರೆ ದೀಪವೂ ಬರಲ್ಲ. ದೀಪಕ್ಕೆ ಎತ್ತರದ ಕಂಬದ ಹೈಮಾಸ್ಟ್ ಕೇಳಬೇಡಿ. ಕಾಡಂಚಲ್ಲಿ ಅಷ್ಟು ಬೆಳಕಿಗೆ ಆಕ್ಷೇಪ ಬಂದೇ ಬರುತ್ತದೆ, ಬರಬೇಕಾದದ್ದೂ ಹೌದು. ನೆಲಕ್ಕಷ್ಟೇ ಬೀಳೋ ಚಿಕ್ಕ ದೀಪ ಸಾಕು. ನಲ್ಲಿ ಹತ್ತಿರ ಒಂದು, ಶೌಚಾಲಯದ ದಾರಿಗೆ ಒಂದು, ಶಾಲೆ ಕಡೆ ತಿರುವಿಗೆ ಒಂದು. ಜಾಗ ಹೆಂಗಸರನ್ನು ಕೇಳಿ ಗುರುತಿಸಿ, ಕತ್ತಲಲ್ಲಿ ನೀರಿಗೆ ಹೋಗೋರು ಅವರೇ.

ಹಾವು ಕಚ್ಚಿದ ಆ ಹೆಂಗಸಿನ ಆಸ್ಪತ್ರೆ ಚೀಟಿ ಎಸೆಯಬೇಡಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆ ವರದಿ ಮಾಡಲೇಬೇಕು. ರಸ್ತೆ ಏಕೆ ಬೇಕು ಅನ್ನೋದಕ್ಕೆ ಆ ಚೀಟಿಗಿಂತ ದೊಡ್ಡ ಪುರಾವೆ ಇಲ್ಲ.

ಮೂರನೇ ಸದಸ್ಯರು: ನಮ್ಮ ಬೆಂಗಳೂರಿನ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ 20 ದೀಪ ಕೊಡಿಸಬಹುದು. ಕೊಡಿಸಲಾ?

ಉತ್ತರ: ಮೇಷ್ಟ್ರ ಜೇನು ಕಟ್ಟಿದ ಡಬ್ಬಿ ಮತ್ತೊಮ್ಮೆ ನೆನಪಿಸಿಕೊಳ್ಳಿ! 20 ಬೇಡ. 8 ಕೊಡಿಸಿ, ಉಳಿದ ದುಡ್ಡಿಗೆ ಐದು ವರ್ಷದ ನಿರ್ವಹಣೆ ಒಪ್ಪಂದ ಮಾಡಿಸಿ. ಬ್ಯಾಟರಿ ಹೋದರೆ ಎಷ್ಟು ದಿನದಲ್ಲಿ ಬದಲಿಸಬೇಕು ಅಂತ ಅದರಲ್ಲಿ ಬರೆಸಿ. ಹಾಡಿಯ ಇಬ್ಬರು ಹುಡುಗರಿಗೆ ಫ್ಯೂಸು, ತಂತಿ ನೋಡೋದು ಕಲಿಸಿ, ತಿಂಗಳಿಗೆ ಇಷ್ಟು ಅಂತ ಕೊಡಿ. ಮುಗಿದ ಮೇಲೆ ಪಂಚಾಯಿತಿಯ ಆಸ್ತಿ ಪುಸ್ತಕಕ್ಕೆ ಏರಿಸಿ ಒಪ್ಪಿಸಿ. ಇಲ್ಲದಿದ್ದರೆ ರಿಪೇರಿಗೆ ಒಂದು ರೂಪಾಯಿ ಖರ್ಚು ಮಾಡೋಕೂ ಪಿಡಿಒಗೆ ಆಧಾರ ಇರಲ್ಲ. ನಿಮ್ಮ ಆರೂ ದೀಪ ಸತ್ತಿದ್ದು ಹೀಗೇ ಇರಬೇಕು ಮೇಷ್ಟ್ರೇ.

ಮೇಷ್ಟ್ರು: ಬರೋ ಸೋಮವಾರ ಹಾಡಿಯಲ್ಲಿ ಸಭೆ ಸೇರಿಸ್ತೀವಿ. ಠರಾವು ಹೇಗೆ ಬರೆಯೋದು?

ಉತ್ತರ: ಸೋಮವಾರ ಕಾಫಿ ತೋಟದ ಕೂಲಿಗೆ ಜೀಪು ಬರುತ್ತಾ ಕೇಳಿಕೊಳ್ಳಿ. ಬಂದರೆ ಅರ್ಧ ಹಾಡಿ ಖಾಲಿ, ಕೋರಂ ಆಗಲ್ಲ. ಕನಿಷ್ಠ ಅರ್ಧದಷ್ಟು ಸದಸ್ಯರು ಬೇಕು, ಹೆಂಗಸರೂ ಚೆನ್ನಾಗಿ ಸೇರಲಿ. ಒಂದು ಕೆಲಸಕ್ಕೆ ಒಂದು ಠರಾವು. ‘ಹಾಡಿಗೆ ಸೌಕರ್ಯ ಒದಗಿಸಬೇಕು’ ಅಂತ ಸುಮ್ನೆ ಬರೆಯಬೇಡಿ. ‘ಡಾಂಬರು ರಸ್ತೆಯಿಂದ ಹಾಡಿಯ ನಲ್ಲಿಯವರೆಗೆ ಇಷ್ಟು ಮೀಟರ್ ದಾರಿ’ ಅಂತ ಬರೆಯಿರಿ, ಸೆಕ್ಷನ್ 3(2) ಅಂತ ನಮೂದಿಸಿ, ಕೈನಕ್ಷೆ ಹಾಕಿ. ಮೂರು ಪ್ರತಿ ಮಾಡಿ. ಪಂಚಾಯಿತಿಗೆ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಸಭೆಯ ಹಿಂದಿನ ದಿನ ಕರಡು ಇಲ್ಲಿ ಹಾಕಿ, ನೋಡಿಕೊಡುತ್ತೇನೆ.